ಚಿಕಿತ್ಸೆಯ ಎಳೆ ಕಡಿಯದಿರಲಿ: ಎಚ್‌ಐವಿ ಸೋಂಕಿತರಿಗೆ ನಾವು ನೀಡಬಹುದಾದ ನೆರವು

ಭಾರತದಲ್ಲಿ ಎಚ್‌ಐವಿ ಸೋಂಕು ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈ ನಗರದಲ್ಲಿ. ಅಂದು ಈ ರೋಗಕ್ಕೆ ಪರಿಣಾಮಕಾರಿ ಔಷಧಿಯೇ ಇರಲಿಲ್ಲ. ಇಂದು ಪರಿಸ್ಥಿತಿ ಸಂಪೂರ್ಣ ಬದಲಾಗಿದೆ. 2004ರ ಏಪ್ರಿಲ್ ತಿಂಗಳಿನಿಂದ ಸರ್ಕಾರಿ ಎಆರ್‌ಟಿ ಕೇಂದ್ರಗಳಲ್ಲಿ ಔಷಧಿ ಉಚಿತವಾಗಿ ದೊರೆಯುತ್ತಿದೆ. 2017ರಿಂದ, ಸಿಡಿ4 ಕಣಗಳ ಎಣಿಕೆ ಎಷ್ಟೇ ಇರಲಿ, ಸೋಂಕು ದೃಢಪಟ್ಟ ಎಲ್ಲರಿಗೂ ಚಿಕಿತ್ಸೆ ನೀಡಲಾಗುತ್ತಿದೆ. ಬಹುತೇಕರಿಗೆ ದಿನಕ್ಕೊಂದು ಮಾತ್ರೆ ಸಾಕು. ಹೀಗಿದ್ದರೂ ಚಿಕಿತ್ಸೆ ಆರಂಭಿಸಿದವರಲ್ಲಿ ಕೆಲವರು ನಡುವೆಯೇ ಅದನ್ನು ಕೈಬಿಡುತ್ತಾರೆ. ಅವರನ್ನು ಚಿಕಿತ್ಸೆಯಲ್ಲಿ ಉಳಿಸಿಕೊಳ್ಳುವುದೇ ಇಂದಿನ ದೊಡ್ಡ ಸವಾಲು.

ನಿರಂತರತೆ ಏಕೆ ಅಗತ್ಯ?

ಎಆರ್‌ಟಿ ಔಷಧಿಯು ವೈರಾಣುವಿನ ವೃದ್ಧಿಯನ್ನು ತಡೆಯುತ್ತದೆಯೇ ಹೊರತು ಅದನ್ನು ದೇಹದಿಂದ ನಿರ್ಮೂಲಗೊಳಿಸುವುದಿಲ್ಲ. ಕೆಲವು ಜೀವಕೋಶಗಳಲ್ಲಿ ವೈರಾಣು ಸುಪ್ತವಾಗಿ ಅಡಗಿರುತ್ತದೆ. ಮಾತ್ರೆ ನಿಲ್ಲಿಸಿದರೆ ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ಅದು ಮತ್ತೆ ವೃದ್ಧಿಸುತ್ತದೆ, ರೋಗನಿರೋಧಕ ಶಕ್ತಿ ಕ್ರಮೇಣ ಕುಗ್ಗುತ್ತದೆ, ಕ್ಷಯದಂತಹ ರೋಗಗಳಿಗೆ ದಾರಿಯಾಗುತ್ತದೆ. ಒಮ್ಮೆ ತೆಗೆದುಕೊಂಡು ಒಮ್ಮೆ ಬಿಟ್ಟರೆ ವೈರಾಣು ಔಷಧಿಗೆ ಬಗ್ಗದಂತಾಗುವ ಅಪಾಯವೂ ಉಂಟು.

ಬಿಡದೆ ಸೇವಿಸಿದವರ ಕಥೆಯೇ ಬೇರೆ. ರಕ್ತದಲ್ಲಿನ ವೈರಾಣುವಿನ ಪ್ರಮಾಣ ಪರೀಕ್ಷೆಗೆ ಸಿಗದಷ್ಟು ಇಳಿದು, ಹಾಗೆಯೇ ಉಳಿದಿರುವವರಿಂದ ಲೈಂಗಿಕ ಸಂಪರ್ಕದ ಮೂಲಕ ಸಂಗಾತಿಗೆ ಸೋಂಕು ಹರಡುವುದಿಲ್ಲ. ಇದು ವಿಜ್ಞಾನ ದೃಢಪಡಿಸಿದ ಸತ್ಯ. ಅವರು ದುಡಿಯಬಹುದು, ಸಂಸಾರ ನಡೆಸಬಹುದು, ವೈದ್ಯರ ಮಾರ್ಗದರ್ಶನದಲ್ಲಿ ಸೋಂಕಿಲ್ಲದ ಮಗುವನ್ನೂ ಪಡೆಯಬಹುದು.

ಏಕೆ ಬಿಡುತ್ತಾರೆ?

ಇದನ್ನು ಕೇವಲ ಅಸಡ್ಡೆ ಎನ್ನುವುದು ಅನ್ಯಾಯ. ಕೇಂದ್ರದ ಸರದಿಯಲ್ಲಿ ಪರಿಚಿತರು ಕಂಡಾರೆಂಬ ಅಳುಕು ಮೊದಲ ಕಾರಣ. ಮನೆಯವರಿಗೆ ತಿಳಿಸದವರು ಮಾತ್ರೆಯ ಡಬ್ಬಿಯನ್ನು ಬಚ್ಚಿಡಬೇಕಾಗುತ್ತದೆ. ದಿನಗೂಲಿಯವರಿಗೆ ಆಸ್ಪತ್ರೆಯ ಒಂದು ದಿನವೆಂದರೆ ಒಂದು ದಿನದ ಸಂಬಳ. ಆರೋಗ್ಯ ಸುಧಾರಿಸಿದಾಗ 'ಇನ್ನು ಔಷಧಿ ಏಕೆ?' ಎನಿಸುವುದೂ ಉಂಟು. ಖಿನ್ನತೆ ಮತ್ತು ಕುಡಿತ ಕೆಲವರನ್ನು ದೂರ ಸರಿಸಿದರೆ, ಸಂಪೂರ್ಣ ಗುಣಪಡಿಸುತ್ತೇವೆಂಬ ನಾಟಿ ಮದ್ದಿನ ಜಾಹೀರಾತುಗಳು ಮತ್ತೆ ಕೆಲವರನ್ನು ದಾರಿ ತಪ್ಪಿಸುತ್ತವೆ.

ವಲಸೆಯೂ ಪ್ರಮುಖ ಕಾರಣ. ಬೆಳಗಾವಿ, ಬಾಗಲಕೋಟೆ, ವಿಜಯಪುರ, ಕಲಬುರಗಿ ಭಾಗಗಳಿಂದ ಮುಂಬಯಿ, ಪುಣೆಗಳಿಗೆ ದುಡಿಯಲು ಬರುವವರು ಅನೇಕ. ಊರಿನ ಕೇಂದ್ರದಲ್ಲಿ ನೋಂದಣಿ, ಉದ್ಯೋಗ ಇಲ್ಲಿ. ಮಾತ್ರೆ ಮುಗಿದಾಗ ಎಲ್ಲಿಗೆ ಹೋಗಬೇಕೆಂದು ತಿಳಿಯದೆ, ಭಾಷೆಯೂ ಬಾರದೆ, ಅವರ ಚಿಕಿತ್ಸೆ ನಿಂತುಹೋಗುವ ಸಂಭವವಿದೆ. ವಾಸ್ತವವಾಗಿ, ಒಂದು ಎಆರ್‌ಟಿ ಕೇಂದ್ರದಿಂದ ಮತ್ತೊಂದಕ್ಕೆ ದಾಖಲೆಗಳೊಂದಿಗೆ ವರ್ಗಾವಣೆ ಪಡೆಯಲು ವ್ಯವಸ್ಥೆಯಿದೆ. ಆರೋಗ್ಯ ಸ್ಥಿರವಾಗಿರುವವರಿಗೆ ಹಲವು ತಿಂಗಳ ಔಷಧಿಯನ್ನು ಒಟ್ಟಿಗೆ ಕೊಡುವುದೂ ಇದೆ. ಊರಿಗೆ ಹೊರಡುವ ಮೊದಲೇ ಆಪ್ತಸಮಾಲೋಚಕರಿಗೆ ತಿಳಿಸಿದರೆ ಅಡಚಣೆ ತಪ್ಪುತ್ತದೆ.

ನಾವು ಮಾಡಬೇಕಾದದ್ದು

ನಮ್ಮನ್ನು ನಂಬಿ ಯಾರಾದರೂ ವಿಷಯ ತಿಳಿಸಿದರೆ, ಅದನ್ನು ಗುಟ್ಟಾಗಿಡುವುದೇ ಮೊದಲ ಸಹಾಯ. ಸೋಂಕು ಹೇಗೆ ಬಂತೆಂದು ಕೆದಕಬೇಕಾಗಿಲ್ಲ. ಒಂದೇ ಮನೆಯಲ್ಲಿ ಊಟ, ತಟ್ಟೆ, ಶೌಚಾಲಯಗಳನ್ನು ಹಂಚಿಕೊಳ್ಳುವುದರಿಂದ ಸೋಂಕು ತಗಲುವುದಿಲ್ಲ. ಆದ್ದರಿಂದ ಪ್ರತ್ಯೇಕ ಲೋಟ ಇಟ್ಟು ಮನಸ್ಸು ನೋಯಿಸುವುದು ಬೇಡ. ಮಾತ್ರೆಯ ವೇಳೆಯನ್ನು ನೆನಪಿಸುವುದು, ತಪಾಸಣೆಯ ದಿನ ಜೊತೆಗೆ ಹೋಗುವುದು, ಭಾಷೆ ಬಾರದವರ ಪರವಾಗಿ, ಅವರ ಒಪ್ಪಿಗೆಯ ಮೇರೆಗೆ, ಮಾತಾಡುವುದು ಇವೆಲ್ಲ ಸಣ್ಣ ಕೆಲಸಗಳೇ ಆದರೂ ಫಲ ದೊಡ್ಡದು.

ಹೋಟೆಲು, ಅಂಗಡಿ, ಕಾರ್ಖಾನೆಗಳನ್ನು ನಡೆಸುವ ನಮ್ಮ ಬಾಂಧವರು ಕಾರಣ ಕೆದಕದೆ ತಿಂಗಳಿಗೆ ಅರ್ಧ ದಿನದ ವೈದ್ಯಕೀಯ ರಜೆ ಕೊಟ್ಟರೆ ಅದೆಷ್ಟೋ ಮಂದಿಗೆ ಉಪಕಾರವಾದೀತು. 2018ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯು ಉದ್ಯೋಗ, ಶಿಕ್ಷಣ, ವೈದ್ಯಕೀಯ ಸೇವೆ, ಬಾಡಿಗೆ ಮನೆಗಳ ವಿಷಯದಲ್ಲಿ ಸೋಂಕಿತರ ವಿರುದ್ಧ ಭೇದವೆಣಿಸುವುದನ್ನು ನಿಷೇಧಿಸಿದೆ. ಒಪ್ಪಿಗೆಯಿಲ್ಲದೆ ಅವರ ಸ್ಥಿತಿಯನ್ನು ಬಹಿರಂಗಪಡಿಸದಂತೆಯೂ ಕಾಯ್ದೆ ರಕ್ಷಣೆ ನೀಡಿದೆ.

ಚಿಕಿತ್ಸೆಯನ್ನು ಬಿಟ್ಟವರೂ ಹತಾಶರಾಗಬೇಕಿಲ್ಲ. ಎಷ್ಟು ತಿಂಗಳ ನಂತರ ಬಂದರೂ ವೈದ್ಯರು ಪರೀಕ್ಷಿಸಿ ಮತ್ತೆ ಚಿಕಿತ್ಸೆ ಮುಂದುವರಿಸುತ್ತಾರೆ. ಅಂಥವರನ್ನು ಬೈದು ಕಳಿಸುವ ಬದಲು, 'ಬಂದದ್ದು ಒಳ್ಳೆಯದಾಯಿತು' ಎನ್ನುವ ಒಂದು ಮಾತು ಅವರನ್ನು ಉಳಿಸಬಲ್ಲದು. ಮಾಹಿತಿ ಬೇಕಿದ್ದವರು ರಾಷ್ಟ್ರೀಯ ಏಡ್ಸ್ ಸಹಾಯವಾಣಿ 1097ಕ್ಕೆ ಉಚಿತವಾಗಿ ಕರೆ ಮಾಡಬಹುದು. ಔಷಧಿಯನ್ನು ಸರ್ಕಾರ ಕೊಡುತ್ತಿದೆ. ಅದನ್ನು ತಪ್ಪದೆ ಸೇವಿಸುವ ಧೈರ್ಯವನ್ನು ಕೊಡಬೇಕಾದವರು ಮನೆಯವರು, ನೆರೆಹೊರೆಯವರು ಮತ್ತು ಸಮಾಜ ಬಾಂಧವರು.