ಎರಡಾಣೆಯ ಪಿಗ್ಮಿ ಮತ್ತು ನಮ್ಮ ಗಲ್ಲಾಪೆಟ್ಟಿಗೆ



ಮಧ್ಯಾಹ್ನದ ಊಟದ ಗಿರಾಕಿ ಮುಗಿದು ಸಂಜೆಯ ಚಾ-ತಿಂಡಿ ಸುರುವಾಗುವ ಮೊದಲು ಚೀಲ ಹಿಡಿದುಕೊಂಡು ಬರುತ್ತಿದ್ದ ಪಿಗ್ಮಿ ಏಜೆಂಟರನ್ನು ನಮ್ಮಲ್ಲಿ ಮರೆತವರು ಕಡಿಮೆ. ಕಾಂದಿವಲಿಯಲ್ಲಿ ನಾನು ಹೋಟೆಲ್ ಸುರು ಮಾಡಿದಾಗ ಗಲ್ಲಾಪೆಟ್ಟಿಗೆಯಿಂದ ದಿನಾ ಒಂದಿಷ್ಟು ತೆಗೆದಿಡುವ ಅಭ್ಯಾಸ ಮಾಡಿಸಿದವರು ಅವರೇ.

ಈ ಪಿಗ್ಮಿ ಹುಟ್ಟಿದ್ದು ನಮ್ಮ ಊರಿನಲ್ಲಿ. 1925ರಲ್ಲಿ ಉಡುಪಿಯಲ್ಲಿ ಡಾ. ಟಿ.ಎಂ.ಎ. ಪೈ, ಉಪೇಂದ್ರ ಅನಂತ ಪೈ ಮತ್ತು ವಾಮನ ಕುಡ್ವ ಸೇರಿ ಕಟ್ಟಿದ ಸಂಸ್ಥೆಯೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. ಕೈಮಗ್ಗದ ಕಸುಬು ಕೆಟ್ಟು ಕಷ್ಟದಲ್ಲಿದ್ದ ನೇಕಾರರಿಗೆ ನೆರವಾಗುವುದು ಅದರ ಉದ್ದೇಶ. 1928ರಲ್ಲಿ ಪಿಗ್ಮಿ ಬಂತು. ಏಜೆಂಟರು ಮನೆಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆಯಾದರೂ ಸರಿ ಎಂದು ಸಂಗ್ರಹಿಸಿದರು. ಅದಕ್ಕಿಂತ ಮೊದಲೇ, 1906ರಲ್ಲಿ, ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಾರ್ಪೊರೇಶನ್ ಬ್ಯಾಂಕನ್ನೂ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕನ್ನೂ ಸ್ಥಾಪಿಸಿದ್ದರು. 1924ರಲ್ಲಿ ಕರ್ಣಾಟಕ ಬ್ಯಾಂಕ್, 1931ರಲ್ಲಿ ಎ.ಬಿ. ಶೆಟ್ಟರ ವಿಜಯಾ ಬ್ಯಾಂಕ್. ಒಂದು ಜಿಲ್ಲೆಗೆ ಇಷ್ಟು ಬ್ಯಾಂಕು! 2019ರಲ್ಲಿ ವಿಜಯಾ, 2020ರಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಶನ್ ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. ಬೋರ್ಡು ಇಳಿಸಿದ ದಿನ ನನಗಂತೂ ಬೇಸರವಾಯಿತು.

ಬ್ಯಾಂಕಿನ ಕೆಲಸ ನಮಗೆ ಹೊಸತಲ್ಲ. ಹತ್ತು ಜನರ ಠೇವಣಿಗೆ ಬಡ್ಡಿ ಕೊಟ್ಟು, ಅದೇ ಹಣವನ್ನು ಹೆಚ್ಚು ಬಡ್ಡಿಗೆ ಸಾಲ ಕೊಡುವುದು. ನಡುವಿನ ವ್ಯತ್ಯಾಸದಲ್ಲಿ ಅವರ ಖರ್ಚು, ಲಾಭ. ಸಾಲ ಕೊಡುವವನಿಗೆ ಬೇಕಾದದ್ದು ಹಣ ವಾಪಸ್ಸು ಬರುವ ಧೈರ್ಯ. ಆ ಧೈರ್ಯ ಬರುವುದು ನಮ್ಮ ಖಾತೆ ನೋಡಿ, ನಮ್ಮ ಮುಖ ನೋಡಿ ಅಲ್ಲ.

ಇದು ನನಗೆ ತಡವಾಗಿ ತಿಳಿಯಿತು. 2011ರಲ್ಲಿ ನನ್ನ ಹೋಟೆಲಿಗೆ ತಾಗಿದ ಗಾಳಾ ಮಾರಾಟಕ್ಕೆ ಬಂತು. ಒಂದು ಬ್ಯಾಂಕಿಗೆ ಹೋದೆ. ಮೂರು ವರ್ಷದ ಲೆಕ್ಕಪತ್ರ, ಖಾತೆಯ ಸ್ಟೇಟ್‌ಮೆಂಟ್ ಕೇಳಿದರು. ವ್ಯಾಪಾರ ಚೆನ್ನಾಗಿತ್ತು, ಆದರೆ ಅದು ಖಾತೆಯಲ್ಲಿ ಇರಲಿಲ್ಲ. ಬೆಳಿಗ್ಗೆ ಬಂದ ನಗದು ಸಂಜೆಗೆ ಹಾಲಿನವನಿಗೆ, ತರಕಾರಿಯವನಿಗೆ, ದಿನಸಿಗೆ ಹೋಗಿಬಿಡುತ್ತಿತ್ತು. ಸಾಲ ಸಿಗಲಿಲ್ಲ. ಗಾಳಾ ಬೇರೆಯವರ ಪಾಲಾಯಿತು. ಈಗ ಅಲ್ಲಿ ಮೊಬೈಲ್ ಅಂಗಡಿ ಇದೆ, ದಿನಾ ಕಣ್ಣಿಗೆ ಬೀಳುತ್ತದೆ.

ಮರುದಿನದಿಂದಲೇ ನಗದೆಲ್ಲ ಮೊದಲು ಕರೆಂಟ್ ಖಾತೆಗೆ, ಆಮೇಲೆ ಅಲ್ಲಿಂದ ಚೆಕ್ಕಿನಲ್ಲಿ ಪಾವತಿ ಎಂದು ಮಾಡಿಕೊಂಡೆ. ಕರೆಂಟ್ ಖಾತೆಯಲ್ಲಿ ಬಡ್ಡಿ ಇಲ್ಲ, ನಿಜ. ಆದರೆ ಮೂರು ವರ್ಷದ ಮೇಲೆ ಅದೇ ಖಾತೆ ನೋಡಿ ಓವರ್‌ಡ್ರಾಫ್ಟ್ ಕೊಟ್ಟರು. ಅದರಲ್ಲಿ ಬಳಸಿದ ಹಣಕ್ಕೆ, ಬಳಸಿದ ದಿನಗಳಿಗೆ ಮಾತ್ರ ಬಡ್ಡಿ. ಮಳೆಗಾಲದಲ್ಲಿ ಗಿರಾಕಿ ಇಳಿದಾಗ ಕೆಲಸಗಾರರ ಪಗಾರಕ್ಕೆ ಖಾಸಗಿ ಫೈನಾನ್ಸಿನವರ ಬಾಗಿಲಿಗೆ ಹೋಗುವುದು ತಪ್ಪಿತು.

ಈಗ ಚಾ ಕುಡಿದವನೂ ಮೊಬೈಲಿನಲ್ಲೇ ಹಣ ಹಾಕುತ್ತಾನೆ. ಲೆಕ್ಕ ತಾನಾಗಿ ಬ್ಯಾಂಕಿಗೆ ಹೋಗುತ್ತದೆ ಎಂದು ನಾವು ನಿಶ್ಚಿಂತೆಯಿಂದ ಇದ್ದೇವೆ. ಆದರೆ ನಮ್ಮ ಎಷ್ಟೋ ಹೋಟೆಲುಗಳಲ್ಲಿ ಗಲ್ಲೆಯ ಮೇಲಿರುವ ಕ್ಯೂಆರ್ ಮಗನ ಸೇವಿಂಗ್ಸ್ ಖಾತೆಗೋ ಮ್ಯಾನೇಜರನ ಖಾತೆಗೋ ಜೋಡಣೆಯಾಗಿರುತ್ತದೆ. ಸಾಲ ಕೇಳಲು ಹೋದಾಗ ಹೋಟೆಲಿನ ಖಾತೆ ಮತ್ತೆ ಖಾಲಿ. ತೆರಿಗೆಯ ತಕರಾರು ಬಂದರೆ ಅದು ಬೇರೆ. ಇಂದು ಗಲ್ಲೆಗೆ ಕೂತಾಗ ನೀವೇ ಒಂದು ರೂಪಾಯಿ ಹಾಕಿ, ಯಾರ ಹೆಸರು ಬರುತ್ತದೆ ನೋಡಿ.