ಟರ್ಬೊ ಕಾರಿನ ಎಕ್ಸಾಸ್ಟ್: ಕಿವಿಗೆ ಸಿಕ್ಕಿದ್ದೆಷ್ಟು, ಚಕ್ರಕ್ಕೆ ಸಿಕ್ಕಿದ್ದೆಷ್ಟು?

ಹೋದ ತಿಂಗಳು ಅಕ್ಕನ ಮಗ ಒಂದು ಕೊಟೇಶನ್ ಹಿಡಿದುಕೊಂಡು ಮನೆಗೆ ಬಂದ. ಅವನದು ಹಳೆಯ ಪೋಲೊ, 1.0 ಲೀಟರಿನ ಟಿಎಸ್‌ಐ ಎಂಜಿನ್, ಮೂರು ಸಿಲಿಂಡರ್, 110 ಪಿಎಸ್, 175 ಎನ್‌ಎಂ ಟಾರ್ಕ್. ಹಾಳೆಯಲ್ಲಿ ಸ್ಟೇನ್‌ಲೆಸ್ ಸ್ಟೀಲಿನ ಪೈಪು, ಹೊಸ ಸೈಲೆನ್ಸರ್, 3 ಇಂಚಿನ ಡೌನ್‌ಪೈಪ್ ಎಂದೆಲ್ಲ ಬರೆದಿತ್ತು. ಫಿಟ್ಟಿಂಗ್ ಚಾರ್ಜ್ ಬೇರೆ. "ಇದನ್ನ ಹಾಕಿಸಿದ್ರೆ 20 ಎಚ್‌ಪಿ ಜಾಸ್ತಿಯಂತೆ ಮಾವ" ಎಂದ. ಆ ಹಾಳೆಯನ್ನು ನಡುವೆ ಇಟ್ಟುಕೊಂಡು ಇಬ್ಬರೂ ಅರ್ಧ ಭಾನುವಾರ ವಾದ ಮಾಡಿದೆವು. ಅವನು ಗ್ಯಾರೇಜುಗಳಲ್ಲಿ ಕೇಳಿಬಂದ ಮಾತುಗಳು ಮತ್ತು ಅವುಗಳ ಹಿಂದಿನ ವಾಸ್ತವ ಇಲ್ಲಿವೆ.

ನಂಬಿಕೆ: ಎಕ್ಸಾಸ್ಟ್ ಬದಲಿಸಿದರೆ ಸಾಕು, ಪವರ್ ತಾನಾಗಿ ಏರುತ್ತದೆ

ಸತ್ಯ: ಈ ಮಾತಿನ ಬುಡದಲ್ಲಿ ನಿಜವಿದೆ. ಎಂಜಿನ್ನಿನಿಂದ ಹೊರಬರುವ ಬಿಸಿ ಹೊಗೆಯಿಂದಲೇ ಗಾಳಿ ಒತ್ತುವ ಯಂತ್ರವನ್ನು ತಿರುಗಿಸಬಹುದು ಎಂಬ ಯೋಚನೆಗೆ ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ 1905ರಲ್ಲೇ ಪೇಟೆಂಟ್ ಪಡೆದಿದ್ದರು. ಅದೇ ಟರ್ಬೊ. ಅದರಲ್ಲಿ ಹೊಗೆ ತಿರುಗಿಸುವ ಚಕ್ರವಾದ ಟರ್ಬೈನಿನ ಮುಂದೆ ಒತ್ತಡ ಹೆಚ್ಚಿದ್ದು ಹಿಂದೆ ಕಡಿಮೆ ಇದ್ದಷ್ಟೂ ಅದು ಚುರುಕಾಗಿ ತಿರುಗುತ್ತದೆ. ಹಾಗಾಗಿ ಹಿಂದಿನ ದಾರಿ ಸಲೀಸಾದರೆ ಟರ್ಬೊಗೆ ಅನುಕೂಲವೇ.

ಆದರೆ ಟರ್ಬೊ ಎಷ್ಟು ಒತ್ತಬೇಕು ಎಂದು ತೀರ್ಮಾನಿಸುವುದು ಪೈಪಲ್ಲ, ಇಸಿಯು ಎಂಬ ಕಂಪ್ಯೂಟರ್. ಆಕ್ಸಿಲರೇಟರ್ ಒತ್ತಿದಾಗ ಇಂತಿಷ್ಟೇ ಟಾರ್ಕ್ ಕೊಡಬೇಕು ಎಂಬ ಲೆಕ್ಕ ಅದರೊಳಗೆ ಮೊದಲೇ ಬರೆದಿರುತ್ತದೆ. ಅದಕ್ಕೆ ಬೇಕಾದ ಒತ್ತಡ ಸಿಕ್ಕ ಕೂಡಲೇ ವೇಸ್ಟ್‌ಗೇಟ್ ಎಂಬ ಬಾಗಿಲು ತೆರೆದು, ಉಳಿದ ಹೊಗೆಯನ್ನು ಟರ್ಬೈನಿಗೆ ತಾಗಿಸದೆ ಆಚೆ ಬಿಡುತ್ತದೆ. ಮನೆಯ ಮೇಲಿನ ನೀರಿನ ಟ್ಯಾಂಕನ್ನು ನೆನಪಿಸಿಕೊಳ್ಳಿ. ಒಳಬರುವ ಪೈಪನ್ನು ದಪ್ಪ ಮಾಡಿದರೆ ಟ್ಯಾಂಕು ಸ್ವಲ್ಪ ಬೇಗ ತುಂಬೀತು. ಆದರೆ ತೇಲುಗುಂಡು ಮೇಲೆದ್ದ ಮೇಲೆ ಒಂದು ಚೊಂಬು ನೀರೂ ಹೆಚ್ಚಿಗೆ ನಿಲ್ಲುವುದಿಲ್ಲ. ಬರೀ ಎಕ್ಸಾಸ್ಟ್ ಬದಲಿಸಿದ ಕಾರಿನ ಕಥೆಯೂ ಇಷ್ಟೇ: ಪಿಕಪ್ ತುಸು ಬೇಗ ಬರಬಹುದು, ಗರಿಷ್ಠ ಪವರ್ ಬಹುತೇಕ ಇದ್ದಲ್ಲೇ ಇರುತ್ತದೆ.

ಎಕ್ಸಾಸ್ಟಿನ ಯಾವ ಭಾಗ ಎಂಬುದೂ ಮುಖ್ಯ. ಹೊಗೆಗೆ ದೊಡ್ಡ ಅಡ್ಡಿ ಇರುವುದು ಟರ್ಬೊಗೆ ಅಂಟಿಕೊಂಡ ಡೌನ್‌ಪೈಪ್ ಮತ್ತು ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ. ಅಲ್ಲಿಂದ ಬಂಪರ್ ತನಕ ಬರುವಷ್ಟರಲ್ಲಿ ಹೊಗೆ ತಣ್ಣಗಾಗಿ ಕುಗ್ಗಿರುತ್ತದೆ. ಹೆಚ್ಚಿನವರು ಬದಲಿಸುವುದು ಮಾತ್ರ ಕಣ್ಣಿಗೆ ಕಾಣುವ ಈ ಹಿಂಭಾಗವನ್ನೇ.

ನಂಬಿಕೆ: ಎಂಜಿನ್ನಿಗೆ ಬ್ಯಾಕ್ ಪ್ರೆಶರ್ ಬೇಕೇ ಬೇಕು

ಸತ್ಯ: ಇದು ಟರ್ಬೊ ಇಲ್ಲದ ಎಂಜಿನ್ನುಗಳ ಕಾಲದಿಂದ ಉಳಿದುಬಂದ ಮಾತು. ಅಲ್ಲಿಯೂ ಬೇಕಾಗಿದ್ದದ್ದು ಅಡ್ಡಿಯಲ್ಲ, ಹೊಗೆಯ ವೇಗ. ಸರಿಯಾದ ಅಳತೆಯ ಪೈಪಿನಲ್ಲಿ ಒಂದು ಸಿಲಿಂಡರಿನ ಹೊಗೆ ಹೊರಡುವಾಗ ಮುಂದಿನದನ್ನು ಎಳೆದುಕೊಂಡು ಹೋಗುತ್ತದೆ. ಟರ್ಬೊ ಕಾರಿನಲ್ಲಿ ಆ ಅಲೆಗಳು ಟರ್ಬೈನಿನಲ್ಲೇ ಬಹುಪಾಲು ಮುರಿದಿರುತ್ತವೆ. ಅದರಿಂದಾಚೆ ಅಡ್ಡಿ ಕಡಿಮೆಯಾದಷ್ಟೂ ಒಳ್ಳೆಯದು.

ನಂಬಿಕೆ: ಪೈಪು ದಪ್ಪವಾದಷ್ಟೂ ಲಾಭ

ಸತ್ಯ: ಎರಡೂವರೆ ಇಂಚಿನ ಪೈಪಿಗಿಂತ ಮೂರು ಇಂಚಿನ ಪೈಪಿನ ಒಳಜಾಗ ಶೇ 44ರಷ್ಟು ಹೆಚ್ಚು. ಕೇಳಲು ಚೆನ್ನಾಗಿದೆ. ಆದರೆ ಹೊಗೆಯ ಪ್ರಮಾಣ ಹೆಚ್ಚುಕಡಿಮೆ ಪವರಿಗೆ ತಕ್ಕಷ್ಟೇ ಇರುತ್ತದೆ. 300 ಎಚ್‌ಪಿ ಎಂಜಿನ್ನಿಗೆ ಬೇಕಾದ ದಾರಿಯನ್ನು 110ರ ಎಂಜಿನ್ನಿಗೆ ಮಾಡಿಕೊಟ್ಟರೆ ಉಪಯೋಗವಿಲ್ಲದೆ ಬಿದ್ದಿರುತ್ತದೆ. ಕಾರಿನ ಹೊಟ್ಟೆಯಡಿ ದಪ್ಪ ಪೈಪು ಇಳಿಬಿದ್ದರೆ ನಮ್ಮ ರಸ್ತೆಗಳ ಉಬ್ಬು ಅದನ್ನು ದಿನಕ್ಕೆ ನಾಲ್ಕು ಸಲ ಮಾತಾಡಿಸುತ್ತದೆ.

ನಂಬಿಕೆ: ಸದ್ದು ಜೋರಾಯಿತೆಂದರೆ ಪವರೂ ಬಂತು

ಸತ್ಯ: ನೇರ ಹಾಯುವ ರಂಧ್ರದ ಕೊಳವೆ, ಸುತ್ತ ಸದ್ದು ಹೀರುವ ನಾರು, ಹೀಗೆ ಮಾಡಿದ ಒಳ್ಳೆಯ ಸೈಲೆನ್ಸರ್ ಹೊಗೆಯನ್ನು ಹೆಚ್ಚು ತಡೆಯದೆ ಸದ್ದನ್ನು ತಗ್ಗಿಸುತ್ತದೆ. ಹಾಗಾಗಿ ಕೂಗಾಟಕ್ಕೂ ಓಟಕ್ಕೂ ನೇರ ಸಂಬಂಧವಿಲ್ಲ. ಸಂತೋಷ ಕೊಡುವ ಅದೇ ಸದ್ದು ಹೆದ್ದಾರಿಯಲ್ಲಿ ತಲೆನೋವಾಗುವುದುಂಟು. ಮೂರು ಸಿಲಿಂಡರಿನ ಎಂಜಿನ್ 2400 ಆರ್‌ಪಿಎಂನಲ್ಲಿ ಓಡುವಾಗ ಸೆಕೆಂಡಿಗೆ 60 ಸಲ ಗುದ್ದುತ್ತದೆ. ಆ ಗುಂಯ್‌ಗುಡುವಿಕೆ ಕ್ಯಾಬಿನ್ನಿನೊಳಗೆ ಸೇರಿಕೊಂಡರೆ ಪಕ್ಕದಲ್ಲಿ ಕೂತವರ ಮಾತು ಕೇಳಿಸುವುದಿಲ್ಲ. ಗ್ಯಾರೇಜಿನ ಮುಂದೆ ನಿಂತು ಎರಡು ಸಲ ರೇಸ್ ಮಾಡಿದಾಗ ಇದು ಗೊತ್ತಾಗದು.

ನಂಬಿಕೆ: ಡೈನೊ ಚಾರ್ಟ್ ಸುಳ್ಳು ಹೇಳುವುದಿಲ್ಲ

ಸತ್ಯ: ಯಂತ್ರ ಸುಳ್ಳು ಹೇಳದಿರಬಹುದು, ಹೋಲಿಕೆ ಹೇಳಬಹುದು. ಕಂಪನಿ ಕೊಡುವ ಸಂಖ್ಯೆ ಎಂಜಿನ್ನಿನದು, ಡೈನೊ ಅಳೆಯುವುದು ಚಕ್ರಕ್ಕೆ ತಲುಪಿದ್ದನ್ನು. ಗೇರ್‌ಬಾಕ್ಸ್ ಮತ್ತು ಆಕ್ಸಲ್ ದಾರಿಯಲ್ಲಿ ತಮ್ಮ ಪಾಲು ತಿಂದಿರುತ್ತವೆ. ಟರ್ಬೊ ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಬಿಸಿಯಾದರೆ ಅದೇ ಕಾರು ಮೂರನೆಯ ಓಟದಲ್ಲಿ ಕಡಿಮೆ ತೋರಿಸುತ್ತದೆ.

ಬೆಂಗಳೂರಿನಲ್ಲಿ ಇನ್ನೊಂದು ತೊಡಕಿದೆ. ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಈ ಊರಿನಲ್ಲಿ ಗಾಳಿಯ ಒತ್ತಡ ಸುಮಾರು ಶೇ 10ರಷ್ಟು ಕಡಿಮೆ. ಸಾದಾ ಎಂಜಿನ್ ಆ ನಷ್ಟವನ್ನು ಬಹುತೇಕ ಪೂರ್ತಿ ಅನುಭವಿಸುತ್ತದೆ, ಅದಕ್ಕಾಗಿ ಡೈನೊ ತಂತ್ರಾಂಶ ತಿದ್ದುಪಡಿ ಸೇರಿಸುತ್ತದೆ. ಟರ್ಬೊ ಮಾತ್ರ ಇನ್ನಷ್ಟು ವೇಗವಾಗಿ ತಿರುಗಿ ಕೊರತೆಯನ್ನು ಬಹಳಮಟ್ಟಿಗೆ ತಾನೇ ತುಂಬಿಕೊಂಡಿರುತ್ತದೆ. ಅದಕ್ಕೂ ಅದೇ ತಿದ್ದುಪಡಿ ಹಚ್ಚಿದರೆ ರಸ್ತೆಯಲ್ಲಿಲ್ಲದ ಎಚ್‌ಪಿ ಕಾಗದದ ಮೇಲೆ ಹುಟ್ಟುತ್ತದೆ. ಅದೇ ಯಂತ್ರ, ಅದೇ ದಿನ, ಅದೇ ಪೆಟ್ರೋಲ್, ಮೊದಲು ಮೂರು ಓಟ, ಆಮೇಲೆ ಮೂರು ಓಟ: ಇಷ್ಟಿದ್ದರೆ ಮಾತ್ರ ಹೋಲಿಕೆ.

ನಂಬಿಕೆ: ಖರ್ಚೆಂದರೆ ಪೈಪಿನ ಬೆಲೆ

ಸತ್ಯ: ಲೆಕ್ಕಕ್ಕೆಂದು ಹೀಗೆ ಹಿಡಿಯೋಣ. ಹಿಂಭಾಗದ ಎಕ್ಸಾಸ್ಟಿಗೆ 55,000 ರೂಪಾಯಿ, ಸಿಕ್ಕಿದ್ದು 4 ಎಚ್‌ಪಿ. ಒಂದೊಂದಕ್ಕೆ 13,750 ರೂಪಾಯಿ ಬಿತ್ತು. ಇಸಿಯು ಒಳಗಿನ ಲೆಕ್ಕವನ್ನು ತಿದ್ದುವ ರೀಮ್ಯಾಪಿಗೆ 40,000, ಸಿಕ್ಕಿದ್ದು 25 ಎಚ್‌ಪಿ ಎಂದರೆ ಒಂದಕ್ಕೆ 1,600. ಮೊತ್ತ ಊರಿಂದೂರಿಗೆ ಬದಲಾದೀತು, ಅಂತರದ ಸ್ವರೂಪ ಬದಲಾಗದು. ಟರ್ಬೊ ಕಾರಿನಲ್ಲಿ ಪವರ್ ಇರುವುದು ತಂತ್ರಾಂಶದಲ್ಲಿ. ಡೌನ್‌ಪೈಪ್ ಅದಕ್ಕೆ ದಾರಿ ಬಿಡಿಸಿಕೊಡುತ್ತದೆ, ಅಷ್ಟೆ.

ಹಾಗೆಂದು ರೀಮ್ಯಾಪ್ ಅಗ್ಗವೂ ಅಲ್ಲ. ಹೆಚ್ಚಿದ ಟಾರ್ಕನ್ನು ಹೊರುವುದು ಕ್ಲಚ್ ಮತ್ತು ಗೇರ್‌ಬಾಕ್ಸ್. ಫೋಕ್ಸ್‌ವ್ಯಾಗನ್ ಬಳಗದ ಡಿಕ್ಯೂ200 ಎಂಬ ಏಳು ಗೇರಿನ ಡಿಎಸ್‌ಜಿ ಗೇರ್‌ಬಾಕ್ಸ್ ತಾಳುವ ಮಿತಿ 250 ಎನ್‌ಎಂ. ಅದೇ ಗೇರ್‌ಬಾಕ್ಸಿನ 1.5 ಟಿಎಸ್‌ಐ ವರ್ಟಸ್ ಕಾರು ಕಾರ್ಖಾನೆಯಿಂದ ಹೊರಬರುವಾಗಲೇ ಕೊಡುವುದು 250. ಅಲ್ಲಿ ಎಂಜಿನ್ ಇನ್ನೂ ಕೊಡಬಲ್ಲದು, ಗೇರ್‌ಬಾಕ್ಸಿಗೆ ಮಾತ್ರ ಜಾಗ ಉಳಿದಿಲ್ಲ. ವಾರಂಟಿ ತಕರಾರು, ಹೆಚ್ಚು ಆಕ್ಟೇನಿನ ಪೆಟ್ರೋಲ್, ವಿಮೆಯವರ ಪ್ರಶ್ನೆ, ಇವೂ ಬಿಲ್ಲಿನಲ್ಲಿ ಕಾಣದ ಖರ್ಚುಗಳೇ.

ನಂಬಿಕೆ: ಪಿಯುಸಿ ಪಾಸಾದರೆ ಕ್ಯಾಟ್ ತೆಗೆದರೂ ತೊಂದರೆಯಿಲ್ಲ

ಸತ್ಯ: ಪಿಯುಸಿಯಲ್ಲಿ ಪೆಟ್ರೋಲ್ ಕಾರನ್ನು ನಿಂತಲ್ಲೇ ಪರೀಕ್ಷಿಸುತ್ತಾರೆ. ಅದರ ಚೀಟಿ ಮಾರ್ಪಾಡಿಗೆ ಪರವಾನಗಿಯಲ್ಲ. ಕ್ಯಾಟ್, ಅಂದರೆ ಕ್ಯಾಟಲಿಟಿಕ್ ಕನ್ವರ್ಟರ್, ಒಳಗಿನ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪ ವಿಷದ ಅನಿಲಗಳನ್ನು ಮುರಿಯುತ್ತದೆ. ಅದನ್ನು ಕಿತ್ತರೆ ಹಿಂದಿನ ಆಕ್ಸಿಜನ್ ಸೆನ್ಸರ್ ದೂರು ಹೇಳಿ ಎಂಜಿನ್ ದೀಪ ಹೊತ್ತಿಸುತ್ತದೆ. ದೀಪವನ್ನು ತಂತ್ರಾಂಶದಲ್ಲಿ ಮುಚ್ಚಿಹಾಕಬಹುದು, ಹೊಗೆಯನ್ನಲ್ಲ.

2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ, ಅನುಮತಿ ಇಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಸದ್ದು ಅಥವಾ ಹೊಗೆಯ ಮಿತಿ ಮೀರಿ ಓಡಿಸಿದರೆ ಮೊದಲ ಸಲವೇ 10,000 ರೂಪಾಯಿವರೆಗೆ ದಂಡ ಮತ್ತು ಮೂರು ತಿಂಗಳು ಲೈಸೆನ್ಸ್ ಅಮಾನತಿಗೆ ಅವಕಾಶವಿದೆ.

ಮಧ್ಯಾಹ್ನದ ಊಟದ ಹೊತ್ತಿಗೆ ಅಕ್ಕನ ಮಗ ಕೊಟೇಶನ್ ಮಡಚಿದ. "ಆದ್ರೂ ಸೌಂಡ್ ಚೆನ್ನಾಗಿರುತ್ತೆ ಮಾವ" ಎಂದ. ಅದರಲ್ಲಿ ತಪ್ಪೇನಿದೆ, ಕಿವಿಯ ಸಂತೋಷಕ್ಕೂ ಜನ ದುಡ್ಡು ಕೊಡುತ್ತಾರೆ. ಕಾನೂನಿನ ಮಿತಿಯೊಳಗೆ ಸಿಗುತ್ತದೆಯೇ ಎಂದು ಮೊದಲು ವಿಚಾರಿಸು ಎಂದೆ. ಆಮೇಲೆ ಪೆನ್ನು ಕೊಟ್ಟೆ. ಅವನು ಹಾಳೆಯನ್ನು ಮತ್ತೆ ಬಿಡಿಸಿ, "+20 ಎಚ್‌ಪಿ" ಎಂದಿದ್ದ ಸಾಲಿಗೆ ಗೀಟು ಹೊಡೆದು, ಪಕ್ಕದಲ್ಲಿ "ಸೌಂಡಿಗೆ" ಎಂದು ಬರೆದ. ಮೊತ್ತದ ಮೇಲೆ ಕಣ್ಣಾಡಿಸಿ ಸುಮ್ಮನೆ ಕೂತ.