ಜ್ವರ ಬಿಟ್ಟರೂ ಬಿಡದ ಆಯಾಸ

ಅರಸೀಕೆರೆಯ ಬಳಿಯ ಮಾಲೇಕಲ್ಲು ತಿರುಪತಿ ಬೆಟ್ಟದ ಮೆಟ್ಟಿಲುಗಳನ್ನು ಏರುವಾಗ ಎದೆ ಬಡಿದುಕೊಳ್ಳುವುದೂ ಉಸಿರು ಬಿರುಸಾಗುವುದೂ ಸಹಜ. ದುಡಿಯುವ ಸ್ನಾಯುಗಳಿಗೆ ಹೆಚ್ಚು ಆಮ್ಲಜನಕ ಬೇಕು. ಅದನ್ನು ಶ್ವಾಸಕೋಶಗಳು ಗಾಳಿಯಿಂದ ಸೆಳೆಯುತ್ತವೆ; ಹೃದಯವು ರಕ್ತದೊಡನೆ ಸಾಗಿಸುತ್ತದೆ; ಸ್ನಾಯುವಿನ ಜೀವಕೋಶಗಳಲ್ಲಿರುವ ಮೈಟೊಕಾಂಡ್ರಿಯಗಳು ಅದನ್ನು ಬಳಸಿ ಶಕ್ತಿಯನ್ನು ಒದಗಿಸುತ್ತವೆ.

2020ರಲ್ಲಿ ನಮ್ಮ ನಾಡಿಗೆ ಕಾಲಿಟ್ಟ ಕೋವಿಡ್ ಎಂಬ ವೈರಸ್ ರೋಗದಿಂದ ಗುಣಹೊಂದಿ ತಿಂಗಳುಗಳು ಕಳೆದ ಮೇಲೂ ಕೆಲವರಿಗೆ ಇಂತಹ ಏರು ದುಸ್ಸಾಧ್ಯವಾಯಿತು. ಶ್ವಾಸಕೋಶಗಳಲ್ಲಿ ದೋಷ ಕಾಣದಿದ್ದರೂ ಈ ಆಯಾಸವೇಕೆ? ರೋಗಿಗಳಿಂದ ಸೈಕಲ್ ತುಳಿಸಿ ನಡೆಸಿದ ಪರೀಕ್ಷೆಗಳು ಸುಳಿವನ್ನು ನೀಡಿವೆ. ಕೆಲವರಲ್ಲಿ ಶ್ರಮಕ್ಕೆ ತಕ್ಕಷ್ಟು ನಾಡಿಯ ಬಡಿತ ಏರುವುದಿಲ್ಲ. ಇನ್ನು ಕೆಲವರಲ್ಲಿ ಹೃದಯವು ಸಾಕಷ್ಟು ರಕ್ತವನ್ನು ಕಳುಹಿಸಿದರೂ ಸ್ನಾಯುಗಳು ಅದರಿಂದ ಆಮ್ಲಜನಕವನ್ನು ಚೆನ್ನಾಗಿ ಹೀರಿಕೊಳ್ಳಲಾರವು. ಹೃದಯಕ್ಕೆ ಹಿಂದಿರುಗುವ ರಕ್ತದಲ್ಲಿ ಅದು ಹೆಚ್ಚಾಗಿ ಉಳಿದಿರುತ್ತದೆ. ರೈಲು ಅರಸೀಕೆರೆಗೆ ಬಂದು ನಿಂತರೂ ಸರಕನ್ನು ಇಳಿಸಿಕೊಳ್ಳುವವರೇ ಇಲ್ಲದಂತೆ!

ಆದುದರಿಂದ ಇಂತಹ ಕಾಯಿಲೆಯಿಂದ ಎದ್ದ ಸಹಪಾಠಿಯು ಬೇಲೂರು, ಹಳೇಬೀಡುಗಳ ಪ್ರವಾಸದಲ್ಲಿ ಹಿಂದೆ ಉಳಿದರೆ ಅವನನ್ನು ಸೋಮಾರಿಯೆಂದು ಹಳಿಯಬಾರದು. ಮಿತಿಮೀರಿ ಶ್ರಮಿಸಿದರೆ ಕೆಲವರಿಗೆ ಮರುದಿನ ನಿತ್ರಾಣವು ಉಲ್ಬಣಿಸುವುದುಂಟು. ಅಂಥವರು ದಣಿಯುವುದಕ್ಕೆ ಮುನ್ನವೇ ವಿಶ್ರಮಿಸಬೇಕು. ಎದೆನೋವಾಗಲಿ ತಲೆಸುತ್ತಾಗಲಿ ಕಂಡುಬಂದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು.